ಇಂದಿನ ಧಮ್ಮ ಚಿಂತನೆ: ಈ ಬಿಸಿಲು ಯಾರ ಕರ್ಮ?

ಕಲಬುರಗಿ, ರಾಯಚೂರು ಕಡೆ ಬೇಸಿಗೆಯ ಬಿಸಿಲು 42 ಡಿಗ್ರಿ ಮುಟ್ಟುವುದು ಹೊಸದಲ್ಲ. "ನಮ್ಮ ಹಣೆಬರಹ, ಹಿಂದಿನ ಜನ್ಮದ ಕರ್ಮ" ಎಂದು ಹಿರಿಯರು ನಿಟ್ಟುಸಿರು ಬಿಡುವುದೂ ಹೊಸದಲ್ಲ. ದೀಕ್ಷೆ ಪಡೆದ ಮನೆಗಳಲ್ಲೂ ಈ ಮಾತು ಇನ್ನೂ ಕೇಳುತ್ತದೆ. ಇವತ್ತು ಆ ಒಂದು ಮಾತನ್ನೇ ಹಿಡಿದು ಯೋಚಿಸೋಣ.

'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಪೂರ್ವಜನ್ಮದ ಕರ್ಮದ ವಾದವನ್ನು ಒಪ್ಪಲಿಲ್ಲ. ಬಡವನ ಪಾಡಿಗೆ ಬಡವನ ಹಿಂದಿನ ಜನ್ಮವೇ ಕಾರಣ ಎಂದುಬಿಟ್ಟರೆ ಸಮಾಜವೂ ಸರ್ಕಾರವೂ ಸುಲಭವಾಗಿ ಕೈತೊಳೆದುಕೊಳ್ಳುತ್ತವೆ ಎಂಬುದು ಅವರ ತಕರಾರು. ಅವರು ವಿವರಿಸಿದ ಕಮ್ಮವೇ ಬೇರೆ. ಮಾಡಿದವನು ಹೋಗುತ್ತಾನೆ, ಮಾಡಿದ್ದು ಉಳಿಯುತ್ತದೆ. ಅದರ ಫಲ ಯಾವ ಆತ್ಮದ ಬೆನ್ನನ್ನೂ ಹತ್ತುವುದಿಲ್ಲ, ಲೋಕದ ಮೇಲೆ ಬೀಳುತ್ತದೆ.

ಗಾಳಿಯ ವಿಷಯದಲ್ಲಿ ಇದು ಕಣ್ಣಿಗೆ ಕಟ್ಟುವಷ್ಟು ನಿಜ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಶುರುವಾಯಿತು. ಆ ವರ್ಷ ಅದರ ವಿದ್ಯುತ್ತಿನಿಂದ ಬೆಳಗಿದ ಬಲ್ಬುಗಳು ಕೆಟ್ಟುಹೋಗಿ ಎಷ್ಟೋ ಕಾಲವಾಯಿತು. ಆಗಿನ ಹೊಗೆಯ ಸೂಕ್ಷ್ಮ ದೂಳು ಕೆಲವು ದಿನಗಳಲ್ಲೇ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಗಾಳಿಯಿಂದ ಇಳಿದುಹೋಗಿದೆ. ಆದರೆ ಅದೇ ಬೆಂಕಿಯಿಂದ ಎದ್ದ ಇಂಗಾಲದ ಡೈಆಕ್ಸೈಡಿನ ಒಂದು ಪಾಲು ಇವತ್ತೂ ನಮ್ಮ ತಲೆಯ ಮೇಲಿದೆ, ಇನ್ನೂ ನೂರಾರು ವರ್ಷ ಇರುತ್ತದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಈ ಅನಿಲದ್ದು ಸುಮಾರು 280 ಇತ್ತು, ಈಗ 420 ದಾಟಿದೆ. 2024ರಲ್ಲಿ ಭೂಮಿಯ ವರ್ಷದ ಸರಾಸರಿ ಬಿಸಿ ಆ ಕಾಲಕ್ಕಿಂತ 1.5 ಡಿಗ್ರಿಗೂ ಹೆಚ್ಚಾಯಿತು. ಜಗತ್ತೆಲ್ಲ ನಾಳೆಯೇ ಹೊಗೆ ನಿಲ್ಲಿಸಿದರೂ ಏರಿದ ಬಿಸಿ ಬೇಗ ಇಳಿಯದು; ಮುಂದೆ ಏರುವುದು ನಿಲ್ಲುತ್ತದೆ, ಅಷ್ಟೆ. ಇನ್ನೂ ಹುಟ್ಟದ ಮಕ್ಕಳ ಬೇಸಿಗೆ ಹೇಗಿರಬೇಕೆಂದು ಈಗಲೇ ತೀರ್ಮಾನವಾಗುತ್ತಿದೆ.

ಉರಿಸಿದವರು ಯಾರು? ಹೆಚ್ಚು ಪಾಲು ಶ್ರೀಮಂತ ದೇಶಗಳು, ಮತ್ತೆ ನಮ್ಮಲ್ಲೇ ಎಸಿ ಕಾರು, ಎಸಿ ಮನೆಯವರು. ಸುಡಿಸಿಕೊಳ್ಳುವವರು ತಗಡಿನ ಸೂರಿನ ಕೆಳಗಿದ್ದಾರೆ. ಬೇಸಿಗೆಯಲ್ಲಿ ಕಲ್ಯಾಣ ಕರ್ನಾಟಕದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಒಳ್ಳೆಯದೇ. ಆದರೆ ಆ ಆದೇಶ ಇಟ್ಟಿಗೆ ಭಟ್ಟಿಗೆ, ಗಾರೆ ಕೆಲಸಕ್ಕೆ, ಹೊಲದ ಕೂಲಿಗೆ ಅನ್ವಯಿಸುವುದಿಲ್ಲ. ನೀರು ನೆರಳಿಲ್ಲದೆ ದಿನಾ ದುಡಿದರೆ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಆ ತಾಯಿಗೆ "ನಿನ್ನ ಕರ್ಮ" ಎನ್ನುವುದು ಸುಟ್ಟ ಗಾಯಕ್ಕೆ ಉಪ್ಪು ಸವರಿದ ಹಾಗೆ.

ದೂಳಿನ ಲೆಕ್ಕ ಇನ್ನೊಂದು. ಪಿಎಂ 2.5 ಎಂಬ ಅತಿ ಸಣ್ಣ ದೂಳು ಒಂದು ಘನ ಮೀಟರ್ ಗಾಳಿಯಲ್ಲಿ ವರ್ಷದ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಿತಿ 40. ಅಂದರೆ ಕಾಗದದ ಮೇಲೆ 'ಶುದ್ಧ'ವಾದ ಗಾಳಿಯೂ ಎಂಟು ಪಟ್ಟು ಕೊಳಕಾಗಿರಬಹುದು! ಇಂಥ ಗಾಳಿಯಲ್ಲಿ ಬೆಳೆದ ಮಕ್ಕಳ ಶ್ವಾಸಕೋಶ ಪೂರ್ತಿ ಬೆಳೆಯುವುದಿಲ್ಲ. ಆದರೆ ಗಾಳಿ ಸುಧಾರಿಸಿದ ಕಡೆ ಮಕ್ಕಳ ಉಸಿರೂ ಸುಧಾರಿಸಿದ್ದುಂಟು. ಈ ಫಲ ನಮ್ಮ ಕಣ್ಣೆದುರೇ ಸಿಗುವಂಥದ್ದು. ಕೇರಿಯಲ್ಲಿ ಪ್ಲಾಸ್ಟಿಕ್ ಕಸ ಸುಡುವುದು ಇವತ್ತು ನಿಂತರೆ ಇವತ್ತೇ ಅಷ್ಟು ವಿಷ ಕಡಿಮೆ.

ಹಾಗೆಂದು ಎಲ್ಲವನ್ನೂ ಕೇರಿಯ ಮೇಲೇ ಹಾಕುವುದು ನ್ಯಾಯವಲ್ಲ. 2024ರಲ್ಲಿ ಸುಪ್ರೀಂ ಕೋರ್ಟು, ಅಳಿವಿನಂಚಿನ ಹಕ್ಕಿಯೊಂದರ ಮೊಕದ್ದಮೆಯಲ್ಲಿ, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿ ಬದುಕುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಇದೆ ಎಂದಿತು. 1927ರಲ್ಲಿ ಮಹಾಡಿನ ಕೆರೆಗೆ ನಡೆದವರು ನೀರನ್ನು ಬೇಡಲಿಲ್ಲ, ತಮ್ಮದೆಂದು ಮುಟ್ಟಿದರು. ನೆರಳನ್ನೂ ಶುದ್ಧ ಗಾಳಿಯನ್ನೂ ನಾವು ಹಾಗೆಯೇ ಕೇಳಬೇಕು.

ವಿಹಾರದ ಬಗ್ಗೆ ಒಂದು ಮಾತು, ಕೆಲವರಿಗೆ ಬೇಸರವಾದರೂ ಸರಿ. ಮುಚ್ಚಿದ ಕೋಣೆಯಲ್ಲಿ ಕಟ್ಟುಗಟ್ಟಲೆ ಹಚ್ಚುವ ಅಗರಬತ್ತಿಯ ಹೊಗೆಯೂ ಅದೇ ಸಣ್ಣ ದೂಳೇ. ಹೂವು ಸಾಕು, ಕಿಟಕಿ ತೆರೆದಿರಲಿ.

ಬರುವ ಹುಣ್ಣಿಮೆಯ ವಂದನೆ ಮುಗಿದ ಮೇಲೆ ಒಂದು ಅರ್ಜಿ ಬರೆಯೋಣ: ಕೂಲಿಯವರಿಗೂ ಬೇಸಿಗೆಯ ಕೆಲಸದ ವೇಳೆ ಬದಲಾಗಬೇಕು, ಕೆಲಸದ ಜಾಗದಲ್ಲಿ ನೆರಳು, ಕುಡಿಯುವ ನೀರು ಇರಬೇಕು. ಭಟ್ಟಿಯಲ್ಲಿ, ಗಾರೆ ಕೆಲಸದಲ್ಲಿ ಇರುವವರು ತಪ್ಪದೇ ಬನ್ನಿ. ಎಷ್ಟು ಗಂಟೆಯಿಂದ ಎಷ್ಟು ಗಂಟೆಗೆ ಎಂದು ನೀವೇ ಹೇಳಿ, ಹಾಗೇ ಬರೆಯುತ್ತೇವೆ.

ನಮೋ ಬುದ್ಧಾಯ. ಜೈ ಭೀಮ್.