ಸಾರು ಚೆಲ್ಲಿದ ಕಥೆ

"ಟೀಚರ್, ಕೈಗ್ಯಾಕೆ ಕಾಲುಚೀಲ ಹಾಕ್ಕೊಂಡಿದ್ದೀರಿ?" ಎಂದು ಐದನೇ ತರಗತಿಯ ಹುಡುಗನೊಬ್ಬ ಕೇಳಿದಾಗ, ಸಾರು ಚೆಲ್ಲಿ ಸುಟ್ಟಿತು ಎಂದುಬಿಟ್ಟೆ. ಅಂದು ಮಾಡುತ್ತಿದ್ದುದು ಹರಿಶ್ಚಂದ್ರನ ಪಾಠ! ಸಂಜೆಯೊಳಗೆ ಸ್ಟಾಫ್ ರೂಮಿನಲ್ಲಿ, ಬಿಸಿಯೂಟದ ಅಡುಗೆಮನೆಯಲ್ಲಿ ಅದೇ ಕಥೆ ಹೇಳಿಯಾಗಿತ್ತು.

ಕೈ ಸುಟ್ಟಿರಲಿಲ್ಲ. 2019ರಲ್ಲಿ ನನಗೆ ಸ್ತನ ಕ್ಯಾನ್ಸರಿನ ಆಪರೇಷನ್ ಆಯಿತು. ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದರು. ತೋಳಿನ ದುಗ್ಧರಸ ಹಿಂದಿರುಗುವ ದಾರಿ ಅದು. ದಾರಿ ತಪ್ಪಿದರೆ ನೀರು ನಿಂತು ತೋಳು ಊದುತ್ತದೆ. ಎಲ್ಲರಿಗೂ ಹಾಗಾಗುವುದಿಲ್ಲ, ಕೆಲವರಿಗೆ ಎಷ್ಟೋ ವರ್ಷಗಳ ಮೇಲೆ ಆಗುತ್ತದೆ. ನನಗೆ ಒಂದೂವರೆ ವರ್ಷಕ್ಕೆ ಬಂತು. ಮೊದಲು ತಿಳಿಸಿದ್ದು ಬಳೆಗಳು, ಅಲ್ಲಾಡುವುದನ್ನೇ ನಿಲ್ಲಿಸಿದವು. ಎಡಗೈಯ ಬಳೆಗಳನ್ನು ಒಡೆದು ತೆಗೆಯುವಾಗ ನಮ್ಮತ್ತೆ ಎದ್ದು ಹಿತ್ತಲಿಗೆ ಹೋದರು.

ಆಮೇಲೆ ಅಳತೆ ತೆಗೆದು ಕೊಟ್ಟದ್ದು ಈ ಸ್ಲೀವ್. ಮಣಿಕಟ್ಟಿನಲ್ಲಿ ಹೆಚ್ಚು ಬಿಗಿ, ಮೇಲೆ ಹೋದಂತೆ ಕಡಿಮೆ. ನೀರು ಮೇಲಕ್ಕೆ ಸರಿಯಲೆಂದು. ಬೆಳಿಗ್ಗೆ ಹಾಕಿ ರಾತ್ರಿ ತೆಗೆದು ಒಗೆಯಬೇಕು. ಆರು ತಿಂಗಳಿಗೆ ಬಿಗಿ ಹೋಗುತ್ತದೆ, ಹೊಸದು ಕೊಳ್ಳಬೇಕು. ಊತ ಹತೋಟಿಯಲ್ಲಿರುತ್ತದೆಯೇ ಹೊರತು ಪೂರ್ತಿ ವಾಸಿಯಾಗುವುದಿಲ್ಲ. ಏಪ್ರಿಲ್ ತಿಂಗಳಲ್ಲಿ, ಸೀಮೆಸುಣ್ಣದ ಧೂಳಿನಲ್ಲಿ ಅದನ್ನು ತೊಟ್ಟು ನಿಲ್ಲುವ ಸುಖ ಯಾರಿಗೂ ಬೇಡ.

ನನ್ನ ಮೈಯ ಲೆಕ್ಕವನ್ನು ಊರಿಗೆ ಒಪ್ಪಿಸಬೇಕೇ? ಬೇಡವೆಂದೇ ಈಗಲೂ ನನ್ನ ಅಭಿಪ್ರಾಯ. ಆದರೆ ನಾನು ಸುಮ್ಮನಿದ್ದವಳಲ್ಲವಲ್ಲ! ಕೇಳಿದವರ ಬಾಯಿ ಮುಚ್ಚಿಸಲೆಂದೇ ಕಥೆ ಕಟ್ಟಿದವಳು.

ಎರಡು ವರ್ಷ ಕಳೆದಿರಬೇಕು. ನಮ್ಮ ಅಡುಗೆಯಾಕೆ ಚಳಿಜ್ವರ ಬಂದು ಆಸ್ಪತ್ರೆ ಸೇರಿದಳು. ನೋಡಲು ಹೋದರೆ ಅವಳ ಬಲತೋಳು ಕೆಂಪಗೆ, ಬಾಳೆದಿಂಡಿನಂತೆ ಊದಿತ್ತು. ಈಳಿಗೆಯ ಸಣ್ಣ ಗಾಯದಿಂದ ಸೋಂಕು ಹತ್ತಿತ್ತು. ಅವಳಿಗೂ ನನ್ನದೇ ಆಪರೇಷನ್ ಆಗಿತ್ತು. ಅಷ್ಟು ದಿನವೂ ಆ ತೋಳನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಅನ್ನದ ಕೊಳಗ ಇಳಿಸುತ್ತಿದ್ದಳು.

"ನಿಮ್ದೂ ಇದೇ ಇರಬೋದು ಅಂದ್ಕಂಡಿದ್ದೆ ಟೀಚರಮ್ಮ. ಸಾರು ಚೆಲ್ತು ಅಂದ್ರಲ್ಲ, ಸುಮ್ಕಾದೆ" ಎಂದಳು. ಆಕ್ಷೇಪಣೆಯ ದನಿಯಲ್ಲ. ಅದೇ ನನಗೆ ಕಷ್ಟವಾಯಿತು.

ಸೋಂಕು ವಾಸಿಯಾದ ಮೇಲೆ ಅವಳನ್ನು ಕರೆದುಕೊಂಡು ಹೋಗಿ ಸ್ಲೀವಿಗೆ ಅಳತೆ ಕೊಡಿಸಿದೆ. ದಾರಿಯಲ್ಲಿ ಬಸ್ಸಿನಲ್ಲಿ ಎಲ್ಲವನ್ನೂ ಹೇಳಿದೆ. ಆ ಹುಡುಗ ಈಗ ಏಳನೇ ತರಗತಿ. ಅವನು ಮತ್ತೆ ಕೇಳಿಲ್ಲ, ನಾನೂ ಇನ್ನೂ ಹೇಳಿಲ್ಲ.