ಸೂಜಿ, ನೋವು ಮತ್ತು ಮನಸ್ಸಾಕ್ಷಿ

ನಮ್ಮ ಧರ್ಮಕೇಂದ್ರದಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಬಲಗಡೆಯ ಎರಡನೇ ಬೆಂಚು ಅವರದು. ಮೂರು ಭಾನುವಾರ ಅವರು ಪರಮಪ್ರಸಾದ ಸ್ವೀಕರಿಸಲು ಎದ್ದು ಬರಲಿಲ್ಲ. ಮಂಡಿನೋವಿನಿಂದ ಸಾಲಿನಲ್ಲಿ ನಿಲ್ಲಲಾಗುತ್ತಿಲ್ಲವೇನೋ ಎಂದುಕೊಂಡು ನಾಲ್ಕನೆಯ ವಾರ ನಾನೇ ಅವರಿದ್ದಲ್ಲಿಗೆ ಹೋದೆ. ಕೈ ಮುಗಿದು, ತಲೆಯಾಡಿಸಿ, ಬೇಡವೆಂದರು. ಬಲಿಪೂಜೆ ಮುಗಿದ ಮೇಲೆ ವಿಚಾರಿಸಿದಾಗ ಕಣ್ಣಲ್ಲಿ ನೀರು.

"ಸ್ವಾಮಿ, ಸೊಸೆ ಕರ್ಕೊಂಡು ಹೋಗಿ ಮಂಡಿಗೆ ಸೂಜಿ ಹಾಕಿಸಿದ್ಲು. ಚೀನಾದವರ ಸೂಜಿ. ನೋವು ಕಮ್ಮಿ ಆಯ್ತು. ಆದ್ರೆ ಅದು ದೆವ್ವದ ಶಕ್ತಿ, ಮೈಗೆ ಬಾಗಿಲು ತೆಗೆದ ಹಾಗೆ ಅಂತ ಪ್ರಾರ್ಥನಾಕೂಟದಲ್ಲಿ ಹೇಳಿದ್ರು. ಅಂಥ ಮೈಯೊಳಗೆ ಪ್ರಭುವನ್ನ ಹೇಗೆ ತಗೊಳ್ಲಿ?"

"ಏನೂ ಪಾಪ ಇಲ್ಲಮ್ಮ, ಮುಂದಿನ ವಾರ ಬನ್ನಿ" ಎಂದು ಹೇಳಿ ನಾನು ಜ್ಞಾನಸ್ನಾನಕ್ಕೆ ಕಾದಿದ್ದವರ ಕಡೆಗೆ ಹೊರಟೆ. ಮುಂದಿನ ವಾರವೂ ಅವರು ಎದ್ದು ಬರಲಿಲ್ಲ. ನನ್ನ ಉತ್ತರ ತಪ್ಪಾಗಿರಲಿಲ್ಲ. ಆದರೆ ಅವರ ಪ್ರಶ್ನೆಯ ತೂಕಕ್ಕೆ ಅದು ಸಾಲದಾಗಿತ್ತು. ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಏಕೆಂದರೆ ಇದೇ ಪ್ರಶ್ನೆ ಇನ್ನೂ ಅನೇಕ ಮನೆಗಳಲ್ಲಿದೆ.

ಅಕ್ಯುಪಂಕ್ಚರ್ ಎಂದರೇನು? ಕೂದಲಿಗಿಂತ ಸ್ವಲ್ಪ ದಪ್ಪದ, ಇಂಜೆಕ್ಷನ್ನಿನ ಸೂಜಿಯಂತೆ ಟೊಳ್ಳಾಗಿರದ ಉಕ್ಕಿನ ಸೂಜಿಗಳನ್ನು ದೇಹದ ಗೊತ್ತಾದ ಬಿಂದುಗಳಲ್ಲಿ ಚುಚ್ಚಿ ಸ್ವಲ್ಪ ಹೊತ್ತು ಬಿಡುತ್ತಾರೆ. ಅದರಿಂದ ಔಷಧವೇನೂ ಒಳಗೆ ಹೋಗುವುದಿಲ್ಲ. ಕೆಲವೊಮ್ಮೆ ಒಣಗಿಸಿದ ಮಾಚಿಪತ್ರೆ ಜಾತಿಯ ಗಿಡದ ಎಲೆಯನ್ನು ಚರ್ಮದ ಹತ್ತಿರ ಉರಿಸಿ ಕಾವು ಕೊಡುವುದೂ ಉಂಟು. ಎರಡು ಸಾವಿರ ವರ್ಷಗಳಷ್ಟು ಹಿಂದಿನ ಚೀನೀ ವೈದ್ಯಗ್ರಂಥಗಳು ಇದಕ್ಕೊಂದು ವಿವರಣೆ ಕೊಡುತ್ತವೆ: ದೇಹದಲ್ಲಿ 'ಚೀ' ಎಂಬ ಪ್ರಾಣಶಕ್ತಿ ನಾಡಿಗಳಲ್ಲಿ ಹರಿಯುತ್ತದೆ, ಯಿನ್ ಮತ್ತು ಯಾಂಗ್ ಎಂಬ ಎರಡು ಗುಣಗಳು ಸಮನಾಗಿರಬೇಕು, ಹರಿವು ತಡೆದರೆ ರೋಗ.

'ಶಕ್ತಿ' ಎಂಬ ಮಾತು ಕೇಳಿದೊಡನೆ ನಮ್ಮಲ್ಲಿ ಕೆಲವರು ಬೆಚ್ಚುತ್ತಾರೆ. ಆದರೆ ಆ ಪ್ರಾರ್ಥನಾಕೂಟದ ಸಹೋದರಿಯೇ ಕಷಾಯ ಕುದಿಸುವಾಗ "ವಾತ ಜಾಸ್ತಿಯಾಗಿದೆ" ಎನ್ನುವುದನ್ನು ನಾನು ಕೇಳಿದ್ದೇನೆ! ವಾತ, ಪಿತ್ತ, ಕಫ ಎಂಬುದೂ ದೇಹವನ್ನು ಅರ್ಥಮಾಡಿಕೊಳ್ಳಲು ಹಿರಿಯರು ಕಟ್ಟಿದ ಒಂದು ಚೌಕಟ್ಟು. ಯೂರೋಪಿನ ಕ್ರೈಸ್ತ ವೈದ್ಯರೂ ಶತಮಾನಗಳ ಕಾಲ ಗ್ರೀಕರಿಂದ ಕಲಿತ ನಾಲ್ಕು ದೇಹರಸಗಳ ಲೆಕ್ಕದಲ್ಲೇ ರಕ್ತ ತೆಗೆದು ಚಿಕಿತ್ಸೆ ಮಾಡಿದರು. ಆ ಲೆಕ್ಕ ತಪ್ಪಾಗಿತ್ತು. ಆದರೆ ತಪ್ಪಾದ ವಿವರಣೆ ಬೇರೆ, ಅನ್ಯದೇವರ ಆರಾಧನೆ ಬೇರೆ. ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಮೊದಲು ಕಲಿಸಿದ್ದು ಇಂಥ ವಿವೇಚನೆಯನ್ನೇ. ಅದನ್ನು ಕಲಿಸಿದ ಸಂತ ಥಾಮಸ್ ಅಕ್ವಿನಾಸರೂ ಕ್ರೈಸ್ತನಲ್ಲದ ಅರಿಸ್ಟಾಟಲನಿಂದ ಕಲಿಯಲು ಹಿಂಜರಿಯಲಿಲ್ಲ.

ಚೀನಾದ ಇತಿಹಾಸವನ್ನೇ ನೋಡಿ. 1822ರಲ್ಲಿ ದಾವೊಗುವಾಂಗ್ ಚಕ್ರವರ್ತಿಯ ಆಳ್ವಿಕೆಯಲ್ಲಿ, ಅರಸನ ಮೈಗೆ ಸೂಜಿಯೂ ಬೆಂಕಿಯೂ ತಕ್ಕದ್ದಲ್ಲವೆಂದು ಅರಮನೆಯ ವೈದ್ಯಶಾಲೆಯಿಂದ ಈ ವಿದ್ಯೆಯನ್ನು ತೆಗೆದುಹಾಕಿದರು. ಮುಂದೆ 1950ರ ದಶಕದಲ್ಲಿ ಇದನ್ನು ಎತ್ತಿ ನಿಲ್ಲಿಸಿದ್ದು ದೇವರನ್ನೂ ದೆವ್ವವನ್ನೂ ನಂಬದ ಕಮ್ಯುನಿಸ್ಟ್ ಸರ್ಕಾರ. ಇನ್ನು ನಮ್ಮವರು? 17ನೇ ಶತಮಾನದಲ್ಲಿ ಚೀನಾಕ್ಕೆ ಹೋದ ಪೋಲೆಂಡಿನ ಯೇಸುಸಭೆಯ ಗುರು ಮೈಕಲ್ ಬೋಯಿಮ್ ಅಲ್ಲಿನ ಗಿಡಮೂಲಿಕೆಗಳ ಬಗ್ಗೆ, ನಾಡಿ ನೋಡುವ ಕ್ರಮದ ಬಗ್ಗೆ ಕಲಿತು ಯೂರೋಪಿಗೆ ಬರೆದು ತಿಳಿಸಿದರು.

ಹಾಗಾದರೆ ಎಚ್ಚರಿಕೆಯೇ ಬೇಡವೇ? ಬೇಕು. ವ್ಯಾಟಿಕನ್ 2003ರಲ್ಲಿ 'ನ್ಯೂ ಏಜ್' ಪಂಥದ ಬಗ್ಗೆ ಹೊರಡಿಸಿದ ದಾಖಲೆಯಲ್ಲಿ, ಆ ಪಂಥದ ಪ್ರಚಾರದಲ್ಲಿ ಕಾಣಿಸಿಕೊಳ್ಳುವ ಚಿಕಿತ್ಸೆಗಳ ಪಟ್ಟಿಯೊಳಗೆ ಅಕ್ಯುಪಂಕ್ಚರಿನ ಹೆಸರೂ ಇದೆ, ಹೋಮಿಯೋಪತಿಯದೂ ಇದೆ. ಆದರೆ ಸೂಜಿ ಹಾಕಿಸಿಕೊಳ್ಳುವುದೇ ಪಾಪವೆಂದು ಅದು ಹೇಳಿಲ್ಲ. ಅಮೆರಿಕದ ಧರ್ಮಾಧ್ಯಕ್ಷರು 2009ರಲ್ಲಿ ಕ್ರೈಸ್ತರಿಗೆ ತಕ್ಕುದಲ್ಲವೆಂದು ಹೇಳಿದ್ದು ಜಪಾನಿನ ರೇಕಿಯ ವಿಷಯದಲ್ಲಿ. ಅಲ್ಲಿ ವಿಶ್ವಶಕ್ತಿಯನ್ನು ಕೈಗಳ ಮೂಲಕ ಹರಿಸುತ್ತೇವೆ ಎಂಬ ನಂಬಿಕೆಯೇ ಚಿಕಿತ್ಸೆ. ಆ ನಂಬಿಕೆಯನ್ನು ತೆಗೆದರೆ ಉಳಿಯುವುದೇನೂ ಇಲ್ಲ. ಸೂಜಿಯ ಮಾತು ಹಾಗಲ್ಲ. ನಂಬದವನ ಮೈಯಲ್ಲೂ ಸೂಜಿ ಸೂಜಿಯೇ. ಚಿಕಿತ್ಸೆ ಮಾಡುವವರು ಮಂತ್ರ ಹೇಳಿಸಿದರೆ, ಯಾವುದೋ ಶಕ್ತಿಗೆ ಶರಣಾಗು ಎಂದರೆ, ಎದ್ದು ಬನ್ನಿ. ಬರಿಯ ಮಂಡಿಗೆ ಚಿಕಿತ್ಸೆ ಮಾಡುತ್ತಿದ್ದರೆ ಹೆದರಬೇಡಿ.

ಕೊರಿಂಥದ ಕ್ರೈಸ್ತರಿಗೂ ಇಂಥದೇ ಗೊಂದಲವಿತ್ತು. ಪೇಟೆಯ ಮಾಂಸ ವಿಗ್ರಹಕ್ಕೆ ನೈವೇದ್ಯವಾದದ್ದೋ ಏನೋ, ತಿನ್ನಬಹುದೇ? ವಿಗ್ರಹವೆಂಬುದು ಏನೂ ಅಲ್ಲ, ಮನಸ್ಸಾಕ್ಷಿಯ ಪ್ರಶ್ನೆಯೆತ್ತದೆ ತಿನ್ನಿ ಎಂದರು ಸಂತ ಪೌಲರು. ಆದರೆ ನಿನ್ನ ತಿಳಿವಳಿಕೆಯಿಂದ ದುರ್ಬಲ ಮನಸ್ಸಾಕ್ಷಿಯ ಸಹೋದರ ಎಡವಬಾರದು ಎಂದೂ ಸೇರಿಸಿದರು. ನಾನು ಅಜ್ಜಿಗೆ ಮೊದಲರ್ಧವನ್ನು ಮಾತ್ರ ಹೇಳಿ ಹೊರಟುಬಿಟ್ಟಿದ್ದೆ. ಪಾಪವಲ್ಲದ್ದನ್ನು ಪಾಪವೆಂದೇ ನಂಬಿ ನಡುಗುತ್ತಿರುವ ಆತ್ಮವನ್ನು ಒಂದು ವಾಕ್ಯದಲ್ಲಿ ಬಿಡಿಸಲಾಗದು.

ಇಷ್ಟಾದ ಮೇಲೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ, ನನ್ನ ಅಭಿಪ್ರಾಯದಲ್ಲಿ ದೆವ್ವದ ಪ್ರಶ್ನೆಗಿಂತ ದೊಡ್ಡದು: ಇದು ನಿಜವೇ? ಸತ್ಯವೂ ದೇವರಿಗೆ ಸೇರಿದ್ದಲ್ಲವೇ? ಜರ್ಮನಿಯಲ್ಲಿ ಮಂಡಿಯ ಸವೆತದಿಂದ ನರಳುತ್ತಿದ್ದ ಸಾವಿರಕ್ಕೂ ಹೆಚ್ಚು ಮಂದಿಯನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಮೂರೂ ಗುಂಪಿಗೆ ಫಿಸಿಯೋಥೆರಪಿ ಮತ್ತು ನೋವಿನ ಮಾತ್ರೆಯ ಅನುಕೂಲವಿತ್ತು. ಅದರ ಜೊತೆಗೆ ಒಂದು ಗುಂಪಿನವರು ಹತ್ತು ಬಾರಿ ವೈದ್ಯರನ್ನು ಕಂಡು ಬಂದರು. ಇನ್ನೊಂದು ಗುಂಪಿಗೆ ಹತ್ತು ಬಾರಿ ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ. ಮತ್ತೊಂದಕ್ಕೆ ಹತ್ತು ಬಾರಿ ಬಿಂದುವೇ ಅಲ್ಲದ ಕಡೆ, ಮೇಲೆಮೇಲೆ ಚುಚ್ಚಿದ ಸೂಜಿ. ಆರು ತಿಂಗಳ ನಂತರ ಗುಣ ಕಂಡವರು ಮೊದಲನೆಯದರಲ್ಲಿ ನೂರಕ್ಕೆ 29, ಎರಡನೆಯದರಲ್ಲಿ 53, ಮೂರನೆಯದರಲ್ಲಿ 51.

ಈ ಲೆಕ್ಕವನ್ನು ನಿಧಾನವಾಗಿ ಓದಿ. ಸೂಜಿ ಹಾಕಿಸಿಕೊಂಡವರಿಗೆ ಸುಖ ಸಿಕ್ಕಿತು, ಸುಳ್ಳಲ್ಲ. ಆದರೆ ಸರಿಯಾದ ಬಿಂದುವೋ ತಪ್ಪಾದ ಬಿಂದುವೋ, ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದರೆ ನಾಡಿ, ಹರಿವು ಎಂಬ ಆ ಚಿತ್ರ ಎಲ್ಲಿ ಉಳಿಯಿತು? ಬಹುಶಃ ಗುಣದ ದೊಡ್ಡ ಪಾಲು ಬಂದದ್ದು ನಿರೀಕ್ಷೆಯಿಂದ, ಮಲಗಿ ವಿಶ್ರಮಿಸಿದ್ದರಿಂದ, ಒಬ್ಬರು ಬಳಿಯಲ್ಲಿ ಕುಳಿತು ನೋವಿದ್ದ ಕಡೆ ಕೈಯಿಟ್ಟದ್ದರಿಂದ. ಆದ್ದರಿಂದಲೇ ಸೂಜಿಯ ಮೇಲೆ ಹೊರಲಾರದ ಭಾರ ಹೇರಬಾರದು. ಮಂಡಿನೋವಿಗೆ ಹೋಗಿ, ಸಕ್ಕರೆ ಕಾಯಿಲೆಯ ಮಾತ್ರೆಯನ್ನಾಗಲಿ ಕ್ಯಾನ್ಸರಿನ ಚಿಕಿತ್ಸೆಯನ್ನಾಗಲಿ ಬಿಟ್ಟು ಹೋಗಬೇಡಿ. ಹಾಗೆ ಬಿಡಿಸುವವರು ಎಷ್ಟೇ ಭಕ್ತರಾಗಿರಲಿ, ಐದನೆಯ ಆಜ್ಞೆಯನ್ನು ಮುರಿಯುವ ದಾರಿಯಲ್ಲಿದ್ದಾರೆ. ಹಿಂದೆ ನಾನಿದ್ದ ಧರ್ಮಕೇಂದ್ರದಲ್ಲಿ ಒಬ್ಬರು ಮಾತ್ರೆ ನಿಲ್ಲಿಸಿ ಒಂದು ಕಾಲನ್ನು ಕಳೆದುಕೊಂಡರು. ಅವರು ಮಾತ್ರೆ ಬಿಟ್ಟದ್ದು ಸೂಜಿಗಾಗಿ ಅಲ್ಲ, ಪ್ರಾರ್ಥನೆಯೊಂದೇ ಸಾಕೆಂದು! ವೈದ್ಯನನ್ನು ಗೌರವಿಸಬೇಕು, ಪ್ರಾರ್ಥಿಸಲೂ ಬೇಕು ಎಂದು ಸಿರಾಖನ ಗ್ರಂಥ ಎರಡನ್ನೂ ಒಟ್ಟಿಗೆ ಹೇಳಿರುವುದು ಸುಮ್ಮನೆ ಅಲ್ಲ.

ಇದನ್ನೆಲ್ಲ ತಲೆಯಲ್ಲಿಟ್ಟುಕೊಂಡು ಅಜ್ಜಿಯ ಮನೆಗೆ ಹೋದೆ. "ಅಲ್ಲಿ ಏನು ಮಾಡ್ತಾರಮ್ಮ?" ಎಂದು ಕೇಳಿದೆ. "ನಾಡಿ ಹಿಡ್ಕೊಂಡು ಕೂರ್ತಾರೆ ಸ್ವಾಮಿ. ಎಲ್ಲಿ ನೋವು, ರಾತ್ರಿ ನಿದ್ದೆ ಬರುತ್ತಾ, ಊಟ ಸೇರುತ್ತಾ ಅಂತ ಕೇಳ್ತಾರೆ. ಅರ್ಧ ಗಂಟೆ ಆಗುತ್ತೆ. ನಮ್ಮೋರು ತೀರ್ಕೊಂಡ ಮೇಲೆ ಹಂಗೆ ಯಾರೂ ಕೇಳಿರ್ಲಿಲ್ಲ."

ಪ್ರತಿ ತಿಂಗಳ ಮೊದಲ ಶುಕ್ರವಾರ ನಾನು ರೋಗಿಗಳ ಮನೆಗಳಿಗೆ ಪರಮಪ್ರಸಾದ ಕೊಂಡೊಯ್ಯುತ್ತೇನೆ. ಮಧ್ಯಾಹ್ನದೊಳಗೆ ಇಪ್ಪತ್ತಕ್ಕೂ ಹೆಚ್ಚು ಮನೆ. ಒಂದೊಂದು ಮನೆಗೆ ಎಷ್ಟು ನಿಮಿಷ ಬೀಳುತ್ತದೆಂದು ನೀವೇ ಲೆಕ್ಕ ಹಾಕಿ. ಮೋಟರ್‌ಸೈಕಲ್ ಸ್ಟಾರ್ಟ್ ಮಾಡುವ ಹೊತ್ತನ್ನೂ ಕಳೆಯಿರಿ. ಅವರ ಪಕ್ಕದ ಬೀದಿಯಲ್ಲೇ ಎರಡು ಮನೆಗಳಿವೆ. ಈ ಅಜ್ಜಿಗೆ ಚರ್ಚಿಗೆ ನಡೆದು ಬರುವಷ್ಟು ಕಾಲಿದೆಯಲ್ಲ ಎಂದು ಅವರ ಬಾಗಿಲು ತಟ್ಟಿದ್ದೇ ಇಲ್ಲ.

ಅಂದು ಕುಳಿತೆ. ಮಂಡಿಯ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಗಂಡ ತೀರಿಕೊಂಡ ರಾತ್ರಿಯ ಮಾತಿಗೆ ಮುಕ್ಕಾಲು ಗಂಟೆ ಹಿಡಿಯಿತು. ಪ್ರಾರ್ಥನಾಕೂಟದ ಸಹೋದರಿಯ ಹೆಸರನ್ನು ಅವರು ಹೇಳಲಿಲ್ಲ, ನಾನೂ ಗೊತ್ತೆಂದು ಹೇಳಲಿಲ್ಲ. ಹೊರಡುವಾಗ, ಮುಂದಿನ ವಾರ ಸೂಜಿಗೆ ಹೋಗಲೋ ಬೇಡವೋ ಎಂದು ಕೇಳಿದರು. ಹೋಗಿ ಬನ್ನಿ ಎಂದೆ. ಆ ಭಾನುವಾರ ಅವರು ಎದ್ದು ಬಂದರು, ಸೊಸೆಯ ತೋಳು ಹಿಡಿದು, ಸಾಲಿನ ಕೊನೆಯಲ್ಲಿ.