ಕೆಲವರು ಮೊದಲು

ನನ್ನ ಗೆಳೆಯನೊಬ್ಬ ಇದ್ದಾನೆ. ಚರ್ಚೆ ರಸ್ತೆಯದ್ದಿರಲಿ, ರೈಲಿನದ್ದಿರಲಿ, ಬಡತನದ್ದಿರಲಿ, ಕೊನೆಗೆ ಚೀನಾಕ್ಕೇ ಬಂದು ನಿಲ್ತಾನೆ. "ಡೆಂಗ್ ಷಿಯಾವೊಪಿಂಗ್ ಏನಂದ ಗೊತ್ತಲ್ಲ? ಕೆಲವರು ಮೊದಲು ಶ್ರೀಮಂತರಾಗಲಿ ಅಂದ. ಅಷ್ಟು ಹೇಳೋ ಧೈರ್ಯ ಬೇಕು ಗುರು."

ಅವನು ಹೇಳೋದರಲ್ಲಿ ಸುಳ್ಳಿಲ್ಲ. ವಿಶ್ವಬ್ಯಾಂಕಿನ ಲೆಕ್ಕದಂತೆ ನಾಲ್ಕು ದಶಕಗಳಲ್ಲಿ ಹತ್ತಿರ ಹತ್ತಿರ 80 ಕೋಟಿ ಚೀನೀಯರು ಕಡುಬಡತನದಿಂದ ಹೊರಬಂದರು. ಇದನ್ನು ಮೊದಲು ಒಪ್ಪಿಕೊಳ್ಳದೆ ಮುಂದಿನ ಮಾತಾಡೋದು ಅಪ್ರಾಮಾಣಿಕತೆ. ಆದರೂ ಆ ವಾಕ್ಯದಲ್ಲಿ ನನ್ನನ್ನು ಕಾಡೋದು 'ಮೊದಲು' ಅನ್ನುವ ಪದ. ಮೊದಲು ಹೋಗುವವರಿದ್ದರೆ ಕಾಯುವವರೂ ಇರಲೇಬೇಕು. ಯಾರು ಕಾಯಬೇಕು ಅಂತ ಯಾರು ತೀರ್ಮಾನಿಸಿದರು?

ಈ ಸುಧಾರಣೆಯ ಕಥೆ ಸಾಮಾನ್ಯವಾಗಿ ಶುರುವಾಗೋದು ಅನ್‌ಹುಯಿ ಪ್ರಾಂತ್ಯದ ಷಿಯಾವ್‌ಗಾಂಗ್ ಅನ್ನುವ ಪುಟ್ಟ ಹಳ್ಳಿಯಿಂದ. ಅದಿರುವ ಫೆಂಗ್‌ಯಾಂಗ್ ಸೀಮೆ ಭಿಕ್ಷೆಗೆ ಹೆಸರುವಾಸಿ. ಸುಗ್ಗಿ ಕೈಕೊಟ್ಟರೆ ಅಲ್ಲಿಯವರು ಡೋಲು ಬಡಿದು ಹಾಡು ಹೇಳುತ್ತಾ ಊರೂರು ತಿರುಗುತ್ತಿದ್ದರು. ಮಾವೋ ಕಾಲದ ಮಹಾ ಜಿಗಿತದಲ್ಲಿ, ಅಂದರೆ 1958ರ ನಂತರದ ಬರಗಾಲದಲ್ಲಿ, ದೇಶದಲ್ಲಿ ಕೋಟಿಗಟ್ಟಲೆ ಜನ ಸತ್ತಾಗ ಆ ಸೀಮೆಯೂ ಬರಿದಾಗಿತ್ತು. ಜಮೀನು ಕಮ್ಯೂನಿನದ್ದು, ದುಡಿಮೆಗೆ ಅಂಕ. ಚೆನ್ನಾಗಿ ದುಡಿದವನಿಗೂ ಗುದ್ದಲಿಗೆ ಒರಗಿ ನಿಂತವನಿಗೂ ಹೆಚ್ಚು ವ್ಯತ್ಯಾಸ ಇಲ್ಲ. ಮೈ ಬಗ್ಗಿಸಿ ದುಡಿಯೋಕೆ ಯಾರಿಗೆ ತಾನೇ ಮನಸ್ಸು ಬಂದೀತು?

1978ರ ಕೊನೆಯಲ್ಲಿ ಅಲ್ಲಿನ 18 ರೈತರು ಒಂದು ಮಣ್ಣಿನ ಮನೆಯಲ್ಲಿ ಗುಟ್ಟಾಗಿ ಸೇರಿ ಜಮೀನನ್ನು ಮನೆಮನೆಗೆ ಹಂಚಿಕೊಂಡರು. ಸರ್ಕಾರಕ್ಕೆ ಕೊಡಬೇಕಾದ ಧಾನ್ಯ ಕೊಟ್ಟು ಮಿಕ್ಕಿದ್ದು ಅವರವರಿಗೆ ಅಂತ ಒಪ್ಪಂದ. ಆಗಿನ ಕಾನೂನಿನ ಪ್ರಕಾರ ಇದು ಅಪರಾಧ. ಕಾಗದ ಬರೆದು ಕೆಂಪು ಹೆಬ್ಬೆಟ್ಟು ಒತ್ತಿದರು. ಆ ಕಾಗದದ ಇನ್ನೊಂದು ಷರತ್ತು ನನಗೆ ಯಾವತ್ತೂ ಮರೆಯೋದಿಲ್ಲ. ಇದರಿಂದ ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು ಹದಿನೆಂಟು ತುಂಬುವವರೆಗೆ ಉಳಿದವರು ಸಾಕಬೇಕು.

ಮುಂದಿನ ಸುಗ್ಗಿಯಲ್ಲಿ ಕಣ ತುಂಬಿತು. ಪ್ರಾಂತ್ಯದ ಪಕ್ಷದ ಕಾರ್ಯದರ್ಶಿ ವಾನ್ ಲೀ ಇವರನ್ನು ಜೈಲಿಗೆ ಕಳಿಸದೆ ಬೆನ್ನಿಗೆ ನಿಂತ, ಆಮೇಲೆ ಡೆಂಗ್ ಕೂಡ ಮೆಚ್ಚಿದ. ಕೆಲವೇ ವರ್ಷಗಳಲ್ಲಿ ದೇಶದ ಕಮ್ಯೂನುಗಳೆಲ್ಲ ಕರಗಿಹೋದವು. ಹಾಗಾಗಿ 'ಕೆಲವರು ಮೊದಲು' ಅನ್ನೋ ಧೈರ್ಯ ಡೆಂಗ್‌ನದ್ದು ಅಂತ ಗೆಳೆಯ ಹೇಳಿದಾಗ ನನಗೆ ಸ್ವಲ್ಪ ಕಿರಿಕಿರಿಯಾಗತ್ತೆ. ಮೊದಲು ಹೆಜ್ಜೆ ಇಟ್ಟವರು ಹೆಬ್ಬೆಟ್ಟಿನವರು. ಆದರೆ ಮೊದಲು ಶ್ರೀಮಂತರಾದವರು ಅವರಲ್ಲ. ಆ ಹಳ್ಳಿ ಒಂದೇ ರಾತ್ರಿಯಲ್ಲಿ ಹಸಿವು ದಾಟಿತು, ಇಪ್ಪತ್ತು ವರ್ಷವಾದರೂ ಸಿರಿತನದ ಹೊಸ್ತಿಲು ದಾಟಲಿಲ್ಲ ಅಂತ ಚೀನಾದಲ್ಲೇ ಆಡಿಕೊಳ್ತಾರೆ. ಈಗ ಅಲ್ಲಿ ಆ ಒಪ್ಪಂದದ ನೆನಪಿಗೆ ಮ್ಯೂಸಿಯಂ ಇದೆ.

ದುಡ್ಡು ಹೋಗಿದ್ದು ಕರಾವಳಿಗೆ. 1980ರಲ್ಲಿ ಶೆನ್‌ಜೆನ್ ವಿಶೇಷ ಆರ್ಥಿಕ ವಲಯವಾಯಿತು. ಹಾಂಗ್‌ಕಾಂಗ್ ಪಕ್ಕದಲ್ಲೇ, ಬಂಡವಾಳ ಬಂತು, ಕಾರ್ಖಾನೆ ಬಂತು. ಆಮೇಲೆ ಹಳ್ಳಿಗಳಿಂದ ಹುಡುಗಿಯರು ಬಂದರು, ರೈಲುಗಟ್ಟಲೆ.

ಇಲ್ಲೇ ಪ್ರಶ್ನೆ ಬಿಗಿಯಾಗೋದು. ತತ್ವಶಾಸ್ತ್ರಜ್ಞ ಜಾನ್ ರಾಲ್ಸ್ ಒಂದು ಅಳತೆಗೋಲು ಕೊಟ್ಟಿದ್ದಾನೆ. ಅಸಮಾನತೆಯಿಂದ ಅತಿ ಕೆಳಗಿರುವವನಿಗೂ ಒಳ್ಳೆಯದಾಗುವುದಿದ್ದರೆ ಆ ಅಸಮಾನತೆಯನ್ನು ಒಪ್ಪಬಹುದು ಅಂತ. ಈ ಗೋಲಿನಲ್ಲಿ ಅಳೆದರೆ ಚೀನಾ ಪಾಸಾಗುವ ಹಾಗೆ ಕಾಣತ್ತೆ. ಹಳ್ಳಿಯ ಹುಡುಗಿಗೂ ಸಂಬಳ ಸಿಕ್ಕಿತು, ಅವಳ ಅಪ್ಪ ಹೊಸ ಮನೆ ಕಟ್ಟಿಸಿದ. ಗೆಳೆಯನ ವಾದವೂ ಇದೇ. "ಅವಳನ್ನ ಯಾರೂ ಎಳೆದುಕೊಂಡು ಬರಲಿಲ್ಲ. ಊರಲ್ಲಿದ್ದರೆ ಅತ್ತೆ ಮನೆ, ಗದ್ದೆ ಕೆಲಸ. ಕಾರ್ಖಾನೆ ಅವಳಿಗೆ ಬಿಡುಗಡೆ." ಇದನ್ನು ನಾನು ತಳ್ಳಿಹಾಕಲಾರೆ. ಎಷ್ಟೋ ಹೆಣ್ಣುಮಕ್ಕಳಿಗೆ ಅದು ನಿಜವಾಗಿಯೂ ಬಿಡುಗಡೆಯೇ ಆಗಿತ್ತು. ಊರಲ್ಲಿ ಕೂತು ಬಡವರ ಪರವಾಗಿ ಮರುಗುವ ನನ್ನಂಥವರಿಗಿಂತ ಅವರಿಗೆ ಅವರ ಬದುಕು ಚೆನ್ನಾಗಿ ಗೊತ್ತು.

ಆದರೆ ರಾಲ್ಸ್‌ನ ಅದೇ ಪುಸ್ತಕದಲ್ಲಿ ಅದಕ್ಕಿಂತ ಮುಂಚಿನ ಷರತ್ತೊಂದಿದೆ: ಸ್ವಾತಂತ್ರ್ಯವನ್ನು ದುಡ್ಡಿಗೆ ಅದಲುಬದಲು ಮಾಡೋ ಹಾಗಿಲ್ಲ. ಹಿಂದೆ ಉಳಿಯೋದು ಬೇರೆ, ಹಿಂದೆ ನಿಲ್ಲಿಸೋದು ಬೇರೆ. ಚೀನಾದಲ್ಲಿ ನಿಲ್ಲಿಸಿದ್ದು ಹುಕೌ. 1958ರಿಂದ ಜಾರಿಯಲ್ಲಿರುವ ಈ ನೋಂದಣಿ ಪದ್ಧತಿಯಲ್ಲಿ ನೀವು ಹಳ್ಳಿಯವರೋ ಪಟ್ಟಣದವರೋ ಅನ್ನೋದು ದಶಕಗಳ ಕಾಲ ಹುಟ್ಟಿನಿಂದಲೇ ಕಾಗದದ ಮೇಲಿರುತ್ತಿತ್ತು. ನಗರ ನಿಮ್ಮ ದುಡಿಮೆ ತಗೊಳ್ಳತ್ತೆ. ಶಾಲೆ, ಆಸ್ಪತ್ರೆ, ಪಿಂಚಣಿ ವಿಷಯ ಬಂದಾಗ ನಿಮ್ಮೂರಿಗೆ ಹೋಗಿ ಅನ್ನತ್ತೆ. ಅಗ್ಗದ ಕೈಗಳು ಅಷ್ಟು ಕಾಲ ಅಗ್ಗವಾಗಿಯೇ ಉಳಿದದ್ದರಲ್ಲಿ ಈ ಕಾಗದದ ಪಾಲು ದೊಡ್ಡದು.

1993ರ ನವೆಂಬರಿನಲ್ಲಿ ಶೆನ್‌ಜೆನ್‌ನ ಒಂದು ಆಟಿಕೆ ಕಾರ್ಖಾನೆಗೆ ಬೆಂಕಿ ಬಿತ್ತು. ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ. 80ಕ್ಕೂ ಹೆಚ್ಚು ಜನ ಸತ್ತರು, ಬಹುತೇಕ ಎಲ್ಲರೂ ಹಳ್ಳಿಗಳಿಂದ ಬಂದ ಹುಡುಗಿಯರು. ಹತ್ತು ವರ್ಷದ ನಂತರ ಗುವಾಂಗ್‌ಝೌನಲ್ಲಿ ಸುನ್ ಝಿಗಾಂಗ್ ಸತ್ತ. ಅವನು ನಮ್ಮ ನಿಮ್ಮ ಥರದವನೇ, ಡಿಗ್ರಿ ಮುಗಿಸಿ ಡಿಸೈನರ್ ಕೆಲಸಕ್ಕೆ ಸೇರಿದ್ದ 27ರ ಹುಡುಗ. ರಾತ್ರಿ ಹೊರಗೆ ಹೋದಾಗ ತಾತ್ಕಾಲಿಕ ವಾಸದ ಪರವಾನಗಿ ಇಲ್ಲ ಅಂತ ಹಿಡಿದರು. ವಶದಲ್ಲಿದ್ದಾಗ ಹೊಡೆತ ತಿಂದು ಪ್ರಾಣಬಿಟ್ಟ. ಆ ಸಾವಿನ ಸಿಟ್ಟಿಗೆ ಅದೇ ವರ್ಷ, 2003ರಲ್ಲಿ, ವಲಸಿಗರನ್ನು ಹಿಡಿದು ಊರಿಗೆ ಅಟ್ಟುವ ಕಾನೂನು ರದ್ದಾಯಿತು. ಹುಕೌ ಉಳಿಯಿತು.

ಅತ್ತ 90ರ ದಶಕದ ಕೊನೆಯಲ್ಲಿ ಸರ್ಕಾರಿ ಕಾರ್ಖಾನೆಗಳು ಕೋಟಿಗಟ್ಟಲೆ ಕೆಲಸಗಾರರನ್ನು ಮನೆಗೆ ಕಳಿಸಿದವು. 'ಕಬ್ಬಿಣದ ಅನ್ನದ ಬಟ್ಟಲು' ಅಂತ ಅವರು ಕರೆಯುತ್ತಿದ್ದ, ಒಡೆಯಲಾರದ್ದು ಅಂದುಕೊಂಡಿದ್ದ ನೌಕರಿಗಳು ಅವು. ಅದರದ್ದೇ ಒಂದು ಬೇರೆ ಕಥೆ.

ನಾನು ಮತ್ತೆ ಮತ್ತೆ ಹೋಗೋದು ಆ ಹೆಬ್ಬೆಟ್ಟಿನ ಕಾಗದಕ್ಕೆ. ಅಲ್ಲಿ ಅಪಾಯಕ್ಕೆ ಮುಂದೆ ಹೋಗುವವರು ಬಿದ್ದರೆ ಉಳಿದವರು ಏನು ಮಾಡಬೇಕು ಅಂತ ಬರೆದಿತ್ತು. ಡೆಂಗ್‌ನ ಮಾತಿನಲ್ಲೂ ಎರಡನೇ ಅರ್ಧ ಇತ್ತು, ಮುಂದೆ ಹೋದವರು ಉಳಿದವರನ್ನೂ ಎಳೆದುಕೊಳ್ಳಲಿ, ಎಲ್ಲರೂ ಒಟ್ಟಿಗೆ ಸಿರಿವಂತರಾಗಲಿ ಅಂತ. ಗೆಳೆಯ ಯಾವತ್ತೂ ಆ ಅರ್ಧ ಹೇಳೋದಿಲ್ಲ. ಆದರೆ ಅದಕ್ಕೆ ಹದಿನೆಂಟು ವರ್ಷ ಅನ್ನುವಂಥ ಗಡುವಿರಲಿಲ್ಲ, ಯಾರ ಹೆಬ್ಬೆಟ್ಟೂ ಇರಲಿಲ್ಲ.

2010ರ ಜನಗಣತಿ ಆಧರಿಸಿದ ಲೆಕ್ಕದಲ್ಲಿ, ಅಪ್ಪನೋ ಅಮ್ಮನೋ ಇಬ್ಬರೂ ಸೇರಿಯೋ ದುಡಿಯಲು ನಗರಕ್ಕೆ ಹೋಗಿ ಹಳ್ಳಿಯಲ್ಲಿ ಉಳಿದ ಮಕ್ಕಳು 6 ಕೋಟಿಗೂ ಹೆಚ್ಚು. ಅವರನ್ನು ಸಾಕಿದ್ದು ಹೆಚ್ಚಾಗಿ ಅಜ್ಜ ಅಜ್ಜಿಯರು. ಕಾಲೇಜು ಪ್ರವೇಶದ ಪರೀಕ್ಷೆಯನ್ನು ಬಹುಮಟ್ಟಿಗೆ ಹುಕೌ ಇರುವಲ್ಲೇ ಬರೆಯಬೇಕಾದ್ದರಿಂದ, ನಗರಕ್ಕೆ ಜೊತೆಯಲ್ಲಿ ಹೋದ ಎಷ್ಟೋ ಮಕ್ಕಳೂ ವಾಪಸು ಬರಬೇಕಾಯಿತು. ಆಗ ಎಂಟು ವರ್ಷದವರಾಗಿದ್ದವರಿಗೆ ಹದಿನೆಂಟು ತುಂಬಿದ್ದು 2020ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಪ್ರಧಾನಿ ಲಿ ಕೆಚಿಯಾಂಗ್ ಪತ್ರಿಕಾಗೋಷ್ಠಿಯಲ್ಲಿ, ದೇಶದ 60 ಕೋಟಿ ಜನರ ತಿಂಗಳ ಆದಾಯ ಇನ್ನೂ ಸಾವಿರ ಯುವಾನ್ ಆಸುಪಾಸಿನಲ್ಲೇ ಇದೆ ಅಂದ.